ಮೊದಲು ಟಿಪ್, ಆಮೇಲೆ ಟ್ಯೂನಿಂಗ್, ಕೊನೆಗೆ ಡಾಂಗಲ್

(ಇನ್-ಇಯರ್ ಮಾನಿಟರ್ ಮತ್ತು ಅದಕ್ಕೆ ಹೊಂದುವ ಸೋರ್ಸ್ ಆರಿಸುವುದನ್ನು ಕುರಿತ ಉಪನ್ಯಾಸದ ಬರಹ ರೂಪ)

ಇನ್-ಇಯರ್ ಮಾನಿಟರ್, ಅಂದರೆ ಕಿವಿನಾಳದೊಳಗೆ ಕೂರುವ ಇಯರ್‌ಫೋನ್, ಕೊಳ್ಳಲು ಹೊರಟವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ ‘ಇದಕ್ಕೆ ಯಾವ ಡ್ಯಾಕ್ ಹೊಂದುತ್ತದೆ?’ ಎಂಬುದು. ಡ್ಯಾಕ್ ಎಂದರೆ ಡಿಜಿಟಲ್ ಸಂಗೀತವನ್ನು ಅನಲಾಗ್ ಸಿಗ್ನಲ್ ಆಗಿಸುವ ಭಾಗ. ಇವತ್ತಿನ ಮಾತಿನಲ್ಲಿ ಅದಕ್ಕೆ ಉತ್ತರ ಇದೆ, ಆದರೆ ಅರ್ಧ ದಾರಿ ಕಳೆದ ಮೇಲೆ. ಕೇಳುವ ಸದ್ದನ್ನು ಯಾವುದು ಎಷ್ಟು ಬದಲಿಸುತ್ತದೆ ಎಂದು ಲೆಕ್ಕ ಹಾಕಿದರೆ, ಕಿವಿಯಲ್ಲಿ ಟಿಪ್ (ಮಾನಿಟರಿನ ಮೂತಿಗೆ ಹಾಕುವ ಮೆದು ತುದಿ) ಕೂತ ರೀತಿಯದು ಮೊದಲ ಸ್ಥಾನ. ಎರಡನೆಯದು ಮಾನಿಟರಿನ ಟ್ಯೂನಿಂಗ್, ಅಂದರೆ ಯಾವ ಸ್ವರ ಎಷ್ಟು ಜೋರಾಗಿ ಕೇಳಬೇಕೆಂದು ತಯಾರಕರು ಹೊಂದಿಸಿದ ರೀತಿ. ಸೋರ್ಸ್, ಅಂದರೆ ಮಾನಿಟರಿಗೆ ಸಿಗ್ನಲ್ ಕೊಡುವ ಫೋನ್, ಆಂಪ್ಲಿಫೈಯರ್ ಅಥವಾ ಡಾಂಗಲ್ (ಫೋನಿಗೆ ಸಿಕ್ಕಿಸುವ ಪುಟ್ಟ ಡ್ಯಾಕ್), ಬರುವುದು ಇವೆರಡರ ನಂತರ. ಹಣ ಖರ್ಚಾಗುವುದು ಮಾತ್ರ ಹೆಚ್ಚಾಗಿ ಇದಕ್ಕೆ ತದ್ವಿರುದ್ಧ ಕ್ರಮದಲ್ಲಿ.

ಈ ಸಾಧನ ಎಲ್ಲಿಂದ ಬಂತು ಎಂದು ತಿಳಿದರೆ ಅದರ ಸ್ವಭಾವವೂ ತಿಳಿಯುತ್ತದೆ. ಸೌಂಡ್ ಎಂಜಿನಿಯರ್ ಜೆರ್ರಿ ಹಾರ್ವಿ 1995ರಲ್ಲಿ ವ್ಯಾನ್ ಹೇಲೆನ್ ತಂಡದ ಡ್ರಮ್ಮರ್ ಅಲೆಕ್ಸ್ ವ್ಯಾನ್ ಹೇಲೆನ್‌ಗಾಗಿ ಮಾಡಿಕೊಟ್ಟ ಮಾನಿಟರುಗಳಿಂದಲೇ ಅಲ್ಟಿಮೇಟ್ ಇಯರ್ಸ್ ಕಂಪನಿ ಶುರುವಾಯಿತು. ವೇದಿಕೆಯ ಮೇಲೆ ಹೊರಗಿನ ಗದ್ದಲ ಕಿವಿಗೆ ಬೀಳಬಾರದು, ಸೊಂಟಕ್ಕೆ ಸಿಕ್ಕಿಸಿದ ಪುಟ್ಟ ವೈರ್‌ಲೆಸ್ ರಿಸೀವರ್ ಕೊಡುವಷ್ಟು ಶಕ್ತಿಯಲ್ಲೇ ಜೋರಾಗಿ ಕೇಳಬೇಕು. ಕಿವಿಯನ್ನು ಬಿಗಿಯಾಗಿ ಮುಚ್ಚುವುದು, ತುಂಬಾ ಕಡಿಮೆ ಶಕ್ತಿಗೆ ತುಂಬಾ ಜೋರಾಗಿ ಕೇಳುವುದು ಎಂಬ ಆ ಎರಡು ಗುಣಗಳು ಇವತ್ತಿಗೂ ಇವುಗಳ ಲಕ್ಷಣ. ಇವತ್ತಿನ ತೊಂದರೆಗಳಲ್ಲಿ ಹೆಚ್ಚಿನವೂ ಅವುಗಳಿಂದಲೇ ಹುಟ್ಟುತ್ತವೆ.

ಕಿವಿಯಲ್ಲಿ ಕೂರಿಸುವುದು

ಟಿಪ್ ಮತ್ತು ಕಿವಿನಾಳದ ಗೋಡೆಯ ನಡುವೆ ಕೂದಲೆಳೆಯಷ್ಟು ಸಂದಿ ಉಳಿದರೂ ಬೇಸ್ ಸೋರಿಹೋಗುತ್ತದೆ. ಮೇಲಿನ ಸ್ವರಗಳು ಹಾಗೆಯೇ ಇರುತ್ತವೆ. ಹೀಗಾಗಿ ಕೇಳುವವರಿಗೆ ಸೋರಿಕೆಯ ಅನುಮಾನವೇ ಬರುವುದಿಲ್ಲ. ‘ಈ ಮಾನಿಟರ್ ತೆಳು, ಚುಚ್ಚುತ್ತದೆ’ ಎಂಬ ತೀರ್ಪು ಹೊರಬೀಳುತ್ತದೆ. ವಿಮರ್ಶೆಯಲ್ಲಿ ‘ಬೇಸ್ ಭರ್ತಿ’ ಎಂದು ಓದಿ ತರಿಸಿದ ವಸ್ತುವಿನಲ್ಲಿ ಬೇಸ್ ಕಾಣದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಟಿಪ್ಪನ್ನು.

ಪರೀಕ್ಷೆ ಸುಲಭ. 200 ಹರ್ಟ್ಜ್‌ನಿಂದ 20 ಹರ್ಟ್ಜ್‌ವರೆಗೆ ನಿಧಾನವಾಗಿ ಇಳಿಯುವ ಟೋನ್ ಹಾಕಿ ಒಂದೊಂದೇ ಕಿವಿಯಲ್ಲಿ ಕೇಳಿ. 100 ಹರ್ಟ್ಜ್ ದಾಟಿದ ಕೂಡಲೇ ಸದ್ದು ದಿಢೀರನೆ ಬಿದ್ದುಹೋಗಿ, ಬೆರಳಿನಿಂದ ಮಾನಿಟರನ್ನು ಮೆಲ್ಲಗೆ ಒಳಗೆ ಒತ್ತಿದಾಗ ಮರಳಿ ಬಂದರೆ ಸೋರಿಕೆ ಇದೆ ಎಂದೇ ಅರ್ಥ. ಎರಡೂ ಕಿವಿಗಳ ನಾಳ ಒಂದೇ ಅಳತೆಯಲ್ಲಿ ಇರಬೇಕೆಂದೇನೂ ಇಲ್ಲ. ಎಡಕ್ಕೆ ಮಧ್ಯಮ, ಬಲಕ್ಕೆ ದೊಡ್ಡ ಟಿಪ್ ಹಾಕಿಕೊಳ್ಳುವುದರಲ್ಲಿ ಸಂಕೋಚ ಬೇಡ. ಪೆಟ್ಟಿಗೆಯಲ್ಲಿ ಮೂರು ಅಳತೆ ಕೊಡುವುದು ಅದಕ್ಕಾಗಿಯೇ.

ಹಾಕಿಕೊಳ್ಳುವಾಗ ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ಭಾಗವನ್ನು ಮೇಲಕ್ಕೂ ಹಿಂದಕ್ಕೂ ಎಳೆದರೆ ನಾಳ ನೇರವಾಗುತ್ತದೆ, ಟಿಪ್ ಸಲೀಸಾಗಿ ಒಳಗಿಳಿಯುತ್ತದೆ. ಫೋಮ್ ಟಿಪ್ ಆದರೆ ಬೆರಳುಗಳ ನಡುವೆ ಹೊಸೆದು ಸಣ್ಣದು ಮಾಡಿ ಒಳಗೆ ಕಳಿಸಿ, ಅದು ಉಬ್ಬಿ ನಾಳ ತುಂಬುವವರೆಗೆ 20-30 ಸೆಕೆಂಡು ಹಿಡಿದಿರಬೇಕು. ಕೂಡಲೇ ಕೈ ಬಿಟ್ಟರೆ ಅದು ತಾನೇ ಹೊರಕ್ಕೆ ಸರಿದುಬಿಡುತ್ತದೆ. ಫೋಮ್ ಹೊರಗಿನ ಸದ್ದನ್ನು ಚೆನ್ನಾಗಿ ತಡೆಯುತ್ತದೆ, ಟ್ರೆಬಲ್ಲನ್ನೂ ಸ್ವಲ್ಪ ಹೀರಿಕೊಳ್ಳುತ್ತದೆ. ಬೆವರು ಮತ್ತು ಎಣ್ಣೆಯಂಶ ಹಿಡಿದು ಗಟ್ಟಿಯಾದ ಮೇಲೆ ಅದನ್ನು ಎಸೆಯುವುದೇ ಸರಿ, ತೊಳೆದರೆ ಮೊದಲಿನಂತಾಗುವುದಿಲ್ಲ.

ಅಳತೆಯಷ್ಟೇ ಆಳವೂ ಮುಖ್ಯ. ಮಾನಿಟರಿನ ಮೂತಿಗೂ ಕಿವಿತಮಟೆಗೂ ನಡುವೆ ಉಳಿದ ಗಾಳಿಯ ಕಂಬ ಒಂದು ನಿರ್ದಿಷ್ಟ ಫ್ರೀಕ್ವೆನ್ಸಿಯಲ್ಲಿ ಅನುರಣಿಸುತ್ತದೆ. ಆ ಅಂತರ ಸುಮಾರು 21 ಮಿಲಿಮೀಟರ್ ಇದ್ದರೆ ಅನುರಣನ 8 ಕಿಲೋಹರ್ಟ್ಜ್ ಹತ್ತಿರ. ಮಾನಿಟರ್ ಹೊರಗೇ ನಿಂತು ಅಂತರ 26 ಮಿಲಿಮೀಟರ್ ಆದರೆ ಅದು 6.5 ಕಿಲೋಹರ್ಟ್ಜ್ ಆಸುಪಾಸಿಗೆ ಇಳಿಯುತ್ತದೆ. ಗಾಯಕರ ‘ಸ’, ‘ಶ’ ಅಕ್ಷರಗಳ ಸೀಟಿ ಸದ್ದು ಬೀಳುವುದು ಸರಿಯಾಗಿ ಅಲ್ಲೇ, ಅದಕ್ಕೇ ಅವು ಕಿವಿ ಕೊರೆಯುತ್ತವೆ. ಅಂಥ ಮಾನಿಟರಿಗೆ ಕುತ್ತಿಗೆ ಚಿಕ್ಕದಿರುವ ಟಿಪ್ ಹಾಕಿ ಒಂದೆರಡು ಮಿಲಿಮೀಟರ್ ಆಳಕ್ಕೆ ಕಳಿಸಿದರೆ ಚುಚ್ಚುವ ಗುಣ ಮೇಲಕ್ಕೆ ಸರಿದು ಸಹ್ಯವಾಗುತ್ತದೆ. ಟ್ರೆಬಲ್ ತೀಕ್ಷ್ಣ ಎಂದು ಮಾನಿಟರನ್ನೇ ಮಾರಲು ಹೊರಡುವ ಮೊದಲು ಇಷ್ಟು ಮಾಡಿ ನೋಡಬಹುದು.

ಕೊಳ್ಳುವ ಮೊದಲು ಮೂತಿಯ ವ್ಯಾಸ ಎಷ್ಟೆಂದು ವಿಚಾರಿಸಿ. 5 ಮಿಲಿಮೀಟರ್ ಸುತ್ತಮುತ್ತ ಇದ್ದರೆ ಬಹುಪಾಲು ಕಿವಿಗಳಿಗೆ ಹಗುರ. 6 ದಾಟಿದರೆ ಸಣ್ಣ ಕಿವಿನಾಳದವರಿಗೆ ಅರ್ಧ ಗಂಟೆಯಲ್ಲಿ ನೋವು ಶುರುವಾಗಬಹುದು, ಅದನ್ನು ಯಾವ ಟಿಪ್ಪೂ ಸರಿಪಡಿಸಲಾರದು.

ಗ್ರಾಫ್ ಓದುವ ಬಗೆ

ತೆರೆದ ಕಿವಿಯ ನಾಳ ಸುಮಾರು 25 ಮಿಲಿಮೀಟರ್ ಉದ್ದ, ಒಂದು ತುದಿಯಲ್ಲಿ ಮುಚ್ಚಿದ ಕೊಳವೆ. ಅದು 3 ಕಿಲೋಹರ್ಟ್ಜ್ ಆಸುಪಾಸಿನ ಸದ್ದನ್ನು ಸಹಜವಾಗಿಯೇ ಎತ್ತಿ ಕೊಡುತ್ತದೆ. ಹುಟ್ಟಿದಾಗಿನಿಂದ ನಾವು ಕೇಳುತ್ತಿರುವುದು ಹಾಗೆಯೇ. ಮಾನಿಟರ್ ನಾಳದ ಬಾಯಿ ಮುಚ್ಚಿದ ಕೂಡಲೇ ಆ ಏರಿಕೆ ಇಲ್ಲವಾಗುತ್ತದೆ. ಆದ್ದರಿಂದ ತಯಾರಕರು ಅದನ್ನು ಟ್ಯೂನಿಂಗ್‌ನಲ್ಲೇ ಸೇರಿಸಬೇಕು. ಯಾವ ಫ್ರೀಕ್ವೆನ್ಸಿ ಎಷ್ಟು ಜೋರು ಎಂದು ತೋರಿಸುವ ಗ್ರಾಫಿನಲ್ಲಿ 3 ಕಿಲೋಹರ್ಟ್ಜ್ ಬಳಿ ಕಾಣುವ ಗುಡ್ಡ ದೋಷವಲ್ಲ. ಅದು ಇಲ್ಲದಿದ್ದರೆ ದನಿ ಕಂಬಳಿಯೊಳಗಿಂದ ಬಂದಂತೆ ಕೇಳುತ್ತದೆ.

ಇವತ್ತು ಹೆಚ್ಚಿನವರು ಹೋಲಿಕೆಗೆ ಬಳಸುವುದು ಹರ್ಮನ್ ಸಂಸ್ಥೆಯಲ್ಲಿ ಶಾನ್ ಆಲಿವ್ ಮತ್ತು ಸಹೋದ್ಯೋಗಿಗಳು ಕೇಳುಗರ ಮೇಲೆ ಪ್ರಯೋಗ ನಡೆಸಿ ರೂಪಿಸಿದ ಟಾರ್ಗೆಟ್, ಅಂದರೆ ಮಾದರಿ ರೇಖೆ. ಇನ್-ಇಯರ್‌ಗಳ ವಿಷಯದಲ್ಲಿ ಅದರ 2019ರ ಆವೃತ್ತಿ. ಕೆಳಗಿನ ಬೇಸ್ ಧಾರಾಳ, 200-300 ಹರ್ಟ್ಜ್ ಬಳಿ ಸಪಾಟು, 3 ಕಿಲೋಹರ್ಟ್ಜ್ ಬಳಿ ದೊಡ್ಡ ಏರಿಕೆ. ಸರಾಸರಿ ಕೇಳುಗನಿಗೆ ಅದು ಒಪ್ಪುವ ರೇಖೆ ನಿಜ. ಆದರೂ ಅದನ್ನು ಅಕ್ಷರಶಃ ಪಾಲಿಸಿದ ಮಾನಿಟರುಗಳಲ್ಲಿ ಗಂಡು ದನಿ ಸ್ವಲ್ಪ ಬಡವಾಗಿ, ಹೆಣ್ಣು ದನಿ ಸ್ವಲ್ಪ ಮುಂದೆ ನುಗ್ಗಿದಂತೆ ಕೇಳುವುದುಂಟು. ಆ ಟಾರ್ಗೆಟ್ಟನ್ನು ಶುರುವಿನ ಗೆರೆ ಎಂದಷ್ಟೇ ಇಟ್ಟುಕೊಂಡು, ಈಗಾಗಲೇ ನಿಮಗೆ ಇಷ್ಟವಾದ ಒಂದು ಮಾನಿಟರಿನ ಗ್ರಾಫನ್ನು ಪಕ್ಕದಲ್ಲಿಟ್ಟು ಹೊಸದನ್ನು ಹೋಲಿಸುವುದು ಹೆಚ್ಚು ಉಪಯುಕ್ತ.

ಹೋಲಿಸುವಾಗ ಎರಡೂ ಗ್ರಾಫುಗಳನ್ನು ಒಂದೇ ಬಗೆಯ ಅಳತೆ ಉಪಕರಣದಲ್ಲಿ ತೆಗೆದಿರಬೇಕು. ಐಇಸಿ 60318-4 ಕಪ್ಲರ್‌ನಲ್ಲಿ (ಕಿವಿನಾಳವನ್ನು ಅನುಕರಿಸುವ ಅಳತೆ ಕೊಳವೆ) ತೆಗೆದದ್ದನ್ನು ಬ್ರೂಯೆಲ್ ಆಂಡ್ ಕೇರ್ 5128 ಎಂಬ ಕೃತಕ ತಲೆಯಲ್ಲಿ ತೆಗೆದದ್ದರ ಪಕ್ಕ ಇಟ್ಟರೆ ಉಪಕರಣದ ವ್ಯತ್ಯಾಸವನ್ನೇ ಮಾನಿಟರಿನ ವ್ಯತ್ಯಾಸ ಎಂದು ಓದಿದಂತಾಗುತ್ತದೆ. 60318-4 ಗ್ರಾಫಿನಲ್ಲಿ 8 ಕಿಲೋಹರ್ಟ್ಜ್ ಬಳಿ ಕಾಣುವ ಚೂಪು ಶಿಖರ ಬಹುಮಟ್ಟಿಗೆ ಕಪ್ಲರ್‌ನ ಅನುರಣನ. ಅದರಿಂದಾಚೆಗಿನ ಗೆರೆಯನ್ನು ನಂಬಿ ಖರೀದಿಯ ತೀರ್ಮಾನ ಮಾಡಬೇಡಿ.

ಡ್ರೈವರ್‌ಗಳ, ಅಂದರೆ ಒಳಗೆ ಸದ್ದು ಹುಟ್ಟಿಸುವ ಪುಟ್ಟ ಘಟಕಗಳ, ಸಂಖ್ಯೆಯನ್ನಂತೂ ಎಣಿಸಲೇಬೇಡಿ. ಒಂದೇ ಡೈನಾಮಿಕ್ ಡ್ರೈವರ್ ಇರುವ ಅಚ್ಚುಕಟ್ಟಾದ ಮಾನಿಟರುಗಳೂ ಇವೆ, ಹನ್ನೆರಡು ಡ್ರೈವರ್ ತುಂಬಿ ಗೊಂದಲ ಮಾಡಿಕೊಂಡವೂ ಇವೆ. ಡ್ರೈವರ್‌ನ ಜಾತಿ ಮುಖ್ಯವಾಗುವುದು ಬೇರೆ ಕಾರಣಕ್ಕೆ. ಒಂಟಿ ಡೈನಾಮಿಕ್ (ಸುರುಳಿ ಅಂಟಿಸಿದ ಪರದೆಯ ಡ್ರೈವರ್) ಮತ್ತು ಪ್ಲೇನಾರ್ (ಚಪ್ಪಟೆ ಪರದೆಯ ಡ್ರೈವರ್) ಇವುಗಳ ಇಂಪೀಡೆನ್ಸ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, ಎಲ್ಲ ಫ್ರೀಕ್ವೆನ್ಸಿಗಳಲ್ಲೂ ಹೆಚ್ಚುಕಡಿಮೆ ಒಂದೇ. ಬ್ಯಾಲೆನ್ಸ್ಡ್ ಆರ್ಮೇಚರ್ ಎಂಬ ಪುಟ್ಟ ಡ್ರೈವರ್‌ಗಳನ್ನು ಕ್ರಾಸ್‌ಓವರ್‌ನಿಂದ (ಸ್ವರಗಳನ್ನು ಡ್ರೈವರ್‌ಗಳಿಗೆ ಹಂಚುವ ಸರ್ಕ್ಯೂಟ್) ಜೋಡಿಸಿದ ಮಾನಿಟರಿನಲ್ಲಿ ಅದು ಒಂದು ಕಡೆ 8 ಓಮ್, ಇನ್ನೊಂದು ಕಡೆ 40 ಓಮ್ ಹೀಗೆ ಏರಿಳಿಯುತ್ತದೆ. ಸೋರ್ಸ್‌ನ ಪ್ರಶ್ನೆ ಶುರುವಾಗುವುದು ಇಲ್ಲಿಂದ.

ಸೋರ್ಸ್: ಮೂರು ಅಂಕಿ

ಚಿಪ್‌ನ ಹೆಸರು, 32 ಬಿಟ್, 768 ಕಿಲೋಹರ್ಟ್ಜ್ ಇವನ್ನೆಲ್ಲ ಪಕ್ಕಕ್ಕಿಡಿ. ಇನ್-ಇಯರ್‌ಗೆ ಬೇಕಾದ ಅಂಕಿ ಮೂರು: ಔಟ್‌ಪುಟ್ ಇಂಪೀಡೆನ್ಸ್, ನಾಯ್ಸ್, ವೋಲ್ಟೇಜ್. ಜಾಹೀರಾತುಗಳು ದೊಡ್ಡಕ್ಷರದಲ್ಲಿ ಬರೆಯುವುದು ಮೂರನೆಯದನ್ನು. ಅದರ ಅಗತ್ಯವೇ ಎಲ್ಲಕ್ಕಿಂತ ಕಡಿಮೆ.

ವೋಲ್ಟೇಜಿನ ಲೆಕ್ಕ ಮೊದಲು ಮುಗಿಸೋಣ. ಸೆನ್ಸಿಟಿವಿಟಿಯನ್ನು, ಅಂದರೆ ಇಷ್ಟು ವಿದ್ಯುತ್ತಿಗೆ ಮಾನಿಟರ್ ಎಷ್ಟು ಜೋರು ಎಂಬುದನ್ನು, ಕೆಲವರು ಒಂದು ಮಿಲಿವಾಟ್‌ಗೆ ಇಷ್ಟು ಡೆಸಿಬೆಲ್ ಎಂದು, ಕೆಲವರು ಒಂದು ವೋಲ್ಟ್‌ಗೆ ಇಷ್ಟು ಎಂದು ಕೊಡುತ್ತಾರೆ. ಇವೆರಡನ್ನು ನೇರವಾಗಿ ಹೋಲಿಸಬಾರದು. ಮಿಲಿವಾಟ್ ಅಂಕಿಯಿಂದ ವೋಲ್ಟ್ ಅಂಕಿಗೆ ಹೋಗಲು 32 ಓಮ್ ಮಾನಿಟರಿಗೆ 15, 16 ಓಮ್ ಮಾನಿಟರಿಗೆ 18 ಡೆಸಿಬೆಲ್ ಕೂಡಿಸಿ. ಸರಾಸರಿ 80 ಡೆಸಿಬೆಲ್‌ನಲ್ಲಿ ಕೇಳುವವರಿಗೆ ಸಂಗೀತದ ಶಿಖರಗಳಿಗೆ 20, ಮೀಸಲಿಗೆ 10 ಸೇರಿಸಿದರೆ 110 ಡೆಸಿಬೆಲ್ ಸಾಮರ್ಥ್ಯ ಧಾರಾಳ. ಮಿಲಿವಾಟ್‌ಗೆ 105 ಡೆಸಿಬೆಲ್ ಕೊಡುವ 32 ಓಮ್ ಡೈನಾಮಿಕ್‌ಗೆ ಆ ಮಟ್ಟ ಮುಟ್ಟಲು ಬೇಕಾದದ್ದು ಸುಮಾರು 3.2 ಮಿಲಿವಾಟ್, ಅಂದರೆ 0.32 ವೋಲ್ಟ್. ಮಿಲಿವಾಟ್‌ಗೆ 94 ಡೆಸಿಬೆಲ್ ಕೊಡುವ 16 ಓಮ್ ಪ್ಲೇನಾರ್ ಹೊಟ್ಟೆಬಾಕ. ಅದಕ್ಕೂ 40 ಮಿಲಿವಾಟ್, 0.8 ವೋಲ್ಟ್ ಸಾಕು. ಆದರೆ ಆಗ ಹರಿಯುವ ಕರೆಂಟ್ 50 ಮಿಲಿಆಂಪ್. ಕೆಲವು ಪುಟ್ಟ ಡಾಂಗಲ್‌ಗಳು ಸೋಲುವುದು ವೋಲ್ಟೇಜಿನಲ್ಲಿ ಅಲ್ಲ, ಈ ಕರೆಂಟಿನಲ್ಲಿ. ಸದ್ದು ಏರಿಸಿದಾಗ ಬೇಸ್ ಪೆಟ್ಟುಗಳು ಒಡೆದಂತೆ ಕೇಳಿದರೆ ಕಾರಣ ಅದಿರಬಹುದು. ಬೆರಳೆಣಿಕೆಯ ಪ್ಲೇನಾರ್‌ಗಳನ್ನು ಬಿಟ್ಟರೆ 1 ವೋಲ್ಟ್ ಕೊಡುವ ಸಾಮಾನ್ಯ ಡಾಂಗಲ್ ಎಲ್ಲಕ್ಕೂ ಸಾಲುತ್ತದೆ.

ಔಟ್‌ಪುಟ್ ಇಂಪೀಡೆನ್ಸ್ ಹಾಗಲ್ಲ. ಸೋರ್ಸ್‌ನ ಒಳಗಿನ ರೋಧ ಮತ್ತು ಮಾನಿಟರಿನ ರೋಧ ಒಂದೇ ಸಾಲಿನಲ್ಲಿ ನಿಂತು ವೋಲ್ಟೇಜನ್ನು ಹಂಚಿಕೊಳ್ಳುತ್ತವೆ. ಮೇಲೆ ಹೇಳಿದ 8ರಿಂದ 40 ಓಮ್‌ವರೆಗೆ ಏರಿಳಿಯುವ ಮಾನಿಟರನ್ನು 10 ಓಮ್ ಸೋರ್ಸ್‌ಗೆ ಹಾಕಿ ನೋಡಿ: 8 ಓಮ್ ಇರುವ ಜಾಗದಲ್ಲಿ 7 ಡೆಸಿಬೆಲ್ ನಷ್ಟ, 40 ಓಮ್ ಇರುವಲ್ಲಿ 2 ಡೆಸಿಬೆಲ್ ಮಾತ್ರ. ಅಂದರೆ ಟ್ಯೂನಿಂಗ್ 5 ಡೆಸಿಬೆಲ್‌ನಷ್ಟು ವಾಲಿತು. ಅದೇ ಮಾನಿಟರ್ 1 ಓಮ್ ಸೋರ್ಸ್‌ನಲ್ಲಿ ಒಂದು ಡೆಸಿಬೆಲ್ಲಿಗಿಂತ ಕಡಿಮೆ ವಾಲುತ್ತದೆ. ‘ಆ ಆಂಪ್ಲಿಫೈಯರ್ ಬೆಚ್ಚಗೆ, ಈ ಆಂಪ್ಲಿಫೈಯರ್ ತಣ್ಣಗೆ’ ಎಂದು ಬಣ್ಣಿಸುವವರು ಎಷ್ಟೋ ಸಲ ಕೇಳುತ್ತಿರುವುದು ಈ ಭಾಗಾಕಾರವನ್ನೇ. ಸೋರ್ಸ್‌ನ ಇಂಪೀಡೆನ್ಸ್ ಮಾನಿಟರಿನ ಕನಿಷ್ಠ ಇಂಪೀಡೆನ್ಸ್‌ನ ಎಂಟನೇ ಒಂದು ಭಾಗ ಮೀರಬಾರದು ಎಂಬ ರೂಢಿಯ ನಿಯಮ ಇಲ್ಲಿಂದ ಬಂದದ್ದು. 1 ಓಮ್ ಒಳಗಿನದನ್ನೇ ಹುಡುಕಿ. ಐಇಸಿ 61938 ಮಾನದಂಡ 1996ರಲ್ಲಿ ಹೆಡ್‌ಫೋನ್ ಔಟ್‌ಪುಟ್‌ಗೆ 120 ಓಮ್ ಶಿಫಾರಸು ಮಾಡಿತ್ತು; ಹಳೆಯ ಆಂಪ್ಲಿಫೈಯರ್, ಮಿಕ್ಸರ್‌ಗಳ ಜ್ಯಾಕ್‌ಗೆ ಹಾಕಿದಾಗ ಇನ್-ಇಯರ್ ಬೇರೆಯೇ ವಸ್ತುವಿನಂತೆ ಕೇಳುವುದು ಸಹಜ.

ಹಳೆಯ ಉಪಕರಣಗಳಲ್ಲಿ ಇನ್ನೊಂದು ಬಲೆ ಇದೆ. ಔಟ್‌ಪುಟ್‌ನಲ್ಲಿ ಕಪ್ಲಿಂಗ್ ಕೆಪ್ಯಾಸಿಟರ್ ಇದ್ದರೆ ಅದು ಮಾನಿಟರಿನೊಂದಿಗೆ ಸೇರಿ ಬೇಸ್ ಕತ್ತರಿಸುವ ಫಿಲ್ಟರ್ ಆಗುತ್ತದೆ. 220 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್‌ಗೆ 16 ಓಮ್ ಮಾನಿಟರ್ ಹಾಕಿದರೆ 45 ಹರ್ಟ್ಜ್‌ನಲ್ಲಿ ಆಗಲೇ 3 ಡೆಸಿಬೆಲ್ ಇಳಿದಿರುತ್ತದೆ.

ಇನ್ನು ನಾಯ್ಸ್. ಮಿಲಿವಾಟ್‌ಗೆ 112 ಡೆಸಿಬೆಲ್ ಕೊಡುವ 20 ಓಮ್ ಮಾನಿಟರ್ ಎಂದರೆ ವೋಲ್ಟ್‌ಗೆ 129 ಡೆಸಿಬೆಲ್. ಸೋರ್ಸ್‌ನ ನಾಯ್ಸ್ 5 ಮೈಕ್ರೋವೋಲ್ಟ್ ಇದ್ದರೆ ಕಿವಿಗೆ ತಲುಪುವುದು 23 ಡೆಸಿಬೆಲ್‌ನ ‘ಸ್ಸ್’ ಸದ್ದು. ನಿಶ್ಶಬ್ದ ಕೋಣೆಯಲ್ಲಿ ಕಿವಿಗೊಟ್ಟರೆ ತಿಳಿದೀತು. 30 ಮೈಕ್ರೋವೋಲ್ಟ್ ಆದರೆ 38 ಡೆಸಿಬೆಲ್, ಹಾಡುಗಳ ನಡುವೆ ಯಾರಿಗಾದರೂ ಕೇಳುತ್ತದೆ. ಇದೇ ಮಾನಿಟರ್ 80 ಡೆಸಿಬೆಲ್ ಕೊಡಲು ಕೇಳುವುದು ಬರೀ 3.5 ಮಿಲಿವೋಲ್ಟ್! ದೊಡ್ಡ ಡೆಸ್ಕ್‌ಟಾಪ್ ಆಂಪ್ಲಿಫೈಯರ್‌ಗೆ ಇಂಥದ್ದನ್ನು ಸಿಕ್ಕಿಸಿದರೆ ವಾಲ್ಯೂಮ್ ಗುಂಡಿ ಕದಲಿಸುವಷ್ಟರಲ್ಲಿ ಕಿವಿ ತುಂಬುತ್ತದೆ. ಅನಲಾಗ್ ಪೊಟೆನ್ಶಿಯೋಮೀಟರ್‌ಗಳಲ್ಲಿ ತಿರುಗುವಿಕೆಯ ಆ ಆರಂಭದ ಭಾಗದಲ್ಲೇ ಎಡಬಲಗಳ ಮಟ್ಟ ಹೊಂದುವುದಿಲ್ಲ, ದನಿ ಒಂದು ಪಕ್ಕಕ್ಕೆ ಸರಿದಿರುತ್ತದೆ. ಹೆಚ್ಚು ಶಕ್ತಿಯ ಸೋರ್ಸ್ ಕೊಂಡು ಕೆಟ್ಟ ಫಲ ಪಡೆಯುವ ದಾರಿ ಇದೇ.

ಸುಯ್ಗುಡುವ ಸದ್ದಿನ ಮೂಲ ಗುರುತಿಸುವುದು ಕಷ್ಟವಲ್ಲ. ವಾಲ್ಯೂಮ್ ಎಷ್ಟೇ ಇರಲಿ ಅದು ಒಂದೇ ಮಟ್ಟದಲ್ಲಿದ್ದರೆ ಆಂಪ್ಲಿಫೈಯರ್‌ನದೇ ನಾಯ್ಸ್. ವಾಲ್ಯೂಮ್ ಜೊತೆ ಏರಿದರೆ ಅದಕ್ಕೂ ಹಿಂದಿನ ಹಂತದ್ದು, ಇಲ್ಲವೇ ರೆಕಾರ್ಡಿಂಗ್‌ನದ್ದೇ. ಚಾರ್ಜರ್ ಸಿಕ್ಕಿಸಿದಾಗ ಗುಂಯ್ಗುಟ್ಟಿದರೆ, ಲ್ಯಾಪ್‌ಟಾಪ್ ಮೌಸ್ ಅಲುಗಿಸಿದಾಗ ಟಿಕಟಿಕ ಎಂದರೆ ಅದು ವಿದ್ಯುತ್ ಪೂರೈಕೆ ಅಥವಾ ಗ್ರೌಂಡ್ ಮೂಲಕ ನುಸುಳಿದ್ದು. ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿ ನೋಡಿದರೆ ಖಚಿತವಾಗುತ್ತದೆ. ಮೊದಲ ಬಗೆಗೆ ಪರಿಹಾರ, ಗೇನ್ ಸ್ವಿಚ್ಚನ್ನು ಕೆಳಗಿಡುವುದು. ಅದು ಸಾಲದಿದ್ದರೆ ಅಟೆನ್ಯುಯೇಟರ್ ಎಂಬ, ಸಿಗ್ನಲ್ ತಗ್ಗಿಸುವ ಅಡಾಪ್ಟರ್. ಇಲ್ಲೊಂದು ಎಚ್ಚರಿಕೆ: 75 ಓಮ್ ರೆಸಿಸ್ಟರ್ ಒಂದನ್ನೇ ಸಾಲಿನಲ್ಲಿ ಹಾಕಿದ ಅಗ್ಗದ ಅಡಾಪ್ಟರ್ ನಾಯ್ಸನ್ನು ತಗ್ಗಿಸುತ್ತದೆ, ಜೊತೆಗೆ ಬ್ಯಾಲೆನ್ಸ್ಡ್ ಆರ್ಮೇಚರ್ ಮಾನಿಟರಿನ ಟ್ಯೂನಿಂಗನ್ನೂ ಕೆಡಿಸುತ್ತದೆ. ಎರಡು ರೆಸಿಸ್ಟರ್‌ಗಳ ಡಿವೈಡರ್ ಇರುವ ಅಟೆನ್ಯುಯೇಟರ್ ಮಾನಿಟರಿನ ಕಡೆ ಇಂಪೀಡೆನ್ಸನ್ನು ಕಡಿಮೆಯೇ ಇಡುತ್ತದೆ.

ಯಾವ ಸಾಧನ, ಯಾವ ಜ್ಯಾಕ್

ಯುಎಸ್‌ಬಿ-ಸಿ ಅಡಾಪ್ಟರ್‌ಗಳಲ್ಲಿ ಎರಡು ಜಾತಿ. ಒಂದರಲ್ಲಿ ತಂತಿಗಳಷ್ಟೇ ಇರುತ್ತವೆ. ಯುಎಸ್‌ಬಿ-ಸಿ ಮೂಲಕ ಅನಲಾಗ್ ಸದ್ದು ಹೊರಬಿಡುವ ಫೋನುಗಳಲ್ಲಿ ಮಾತ್ರ ಅದು ಕೆಲಸ ಮಾಡುತ್ತದೆ. ಇನ್ನೊಂದರಲ್ಲಿ ಡ್ಯಾಕ್ ಮತ್ತು ಆಂಪ್ಲಿಫೈಯರ್ ಇರುತ್ತವೆ. ಬೇಕಾದದ್ದು ಅದು. ಆಪಲ್‌ನ ಪುಟ್ಟ ಅಡಾಪ್ಟರ್ ಈ ಎರಡನೆಯ ಜಾತಿಯದು, ಸುಮಾರು 1 ವೋಲ್ಟ್ ಕೊಡುತ್ತದೆ, ಔಟ್‌ಪುಟ್ ಇಂಪೀಡೆನ್ಸ್ 1 ಓಮ್‌ನ ಒಳಗೆ. ಯುರೋಪ್ ಮಾರುಕಟ್ಟೆಯ ಮಾದರಿಯ ವೋಲ್ಟೇಜ್ ಅದರ ಅರ್ಧ. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಸದ್ದು ಪೂರ್ತಿ ಏರದಿದ್ದರೆ ಕಾರಣ ಅಡಾಪ್ಟರ್‌ನೊಳಗಿನ ವಾಲ್ಯೂಮ್ ಕೆಳಮಟ್ಟದಲ್ಲೇ ನಿಂತಿರುವುದು. ಯುಎಸ್‌ಬಿ ಡ್ಯಾಕ್ ಅನ್ನು ನೇರ ನಿಯಂತ್ರಿಸುವ ಪ್ಲೇಯರ್ ಆ್ಯಪ್‌ನಿಂದ ಅದನ್ನು ಮೇಲೆತ್ತಬಹುದು.

4.4 ಮಿಲಿಮೀಟರ್ ಬ್ಯಾಲೆನ್ಸ್ಡ್ ಜ್ಯಾಕ್ (ಎಡ, ಬಲ ಎರಡಕ್ಕೂ ಬೇರೆ ಬೇರೆ ನೆಗೆಟಿವ್ ತಂತಿ ಇರುವಂಥದ್ದು) ಸಾಮಾನ್ಯವಾಗಿ ಎರಡು ಪಟ್ಟು ವೋಲ್ಟೇಜ್ ಕೊಡುತ್ತದೆ, ಅಂದರೆ 6 ಡೆಸಿಬೆಲ್ ಹೆಚ್ಚು ಜೋರು. ಔಟ್‌ಪುಟ್ ಇಂಪೀಡೆನ್ಸ್ ಕೂಡ ಇಮ್ಮಡಿಯಾಗುತ್ತದೆ, ನಾಯ್ಸ್ ಕೂಡ ಏರಬಹುದು. ಪ್ಲೇನಾರ್‌ಗೆ ಲಾಭ, ಸೂಕ್ಷ್ಮ ಮಾನಿಟರಿಗೆ ನಷ್ಟ. ಬ್ಯಾಲೆನ್ಸ್ಡ್ ಕೇಬಲನ್ನು ಅಡಾಪ್ಟರ್ ಮೂಲಕ 3.5 ಜ್ಯಾಕ್‌ಗೆ ಹಾಕುವುದು ಸುರಕ್ಷಿತ. 3.5 ಪಿನ್ನಿನ ಕೇಬಲನ್ನು ಅಡಾಪ್ಟರ್ ಹಾಕಿ ಬ್ಯಾಲೆನ್ಸ್ಡ್ ಜ್ಯಾಕ್‌ಗೆ ಎಂದೂ ಹಾಕಬೇಡಿ. ಎರಡೂ ಚಾನೆಲ್‌ಗಳ ನೆಗೆಟಿವ್ ತಂತಿಗಳು ಒಂದಕ್ಕೊಂದು ಶಾರ್ಟ್ ಆಗಿ ಆಂಪ್ಲಿಫೈಯರ್ ಸುಟ್ಟೀತು.

ಬ್ಲೂಟೂತ್ ರಿಸೀವರ್ ಬಳಸುವವರು ಕೋಡೆಕ್ (ಸಂಗೀತವನ್ನು ಕುಗ್ಗಿಸಿ ಕಳಿಸುವ ವಿಧಾನ) ಬಗ್ಗೆ ಅತಿಯಾಗಿ ತಲೆ ಕೆಡಿಸಿಕೊಳ್ಳುತ್ತಾರೆ. ಎಲ್‌ಡ್ಯಾಕ್ ಎಂಬ ಕೋಡೆಕ್‌ಗೆ ಸೆಕೆಂಡಿಗೆ 990 ಕಿಲೋಬಿಟ್ ಎಂದು ಬರೆದಿದ್ದರೂ ಜನಜಂಗುಳಿಯಲ್ಲಿ ಅದು 660ಕ್ಕೆ, 330ಕ್ಕೆ ಇಳಿಯುತ್ತದೆ. ರಿಸೀವರ್‌ನೊಳಗಿನ ಆಂಪ್ಲಿಫೈಯರ್‌ನ ನಾಯ್ಸ್ ಎಷ್ಟು ಎಂದು ನೋಡುವುದು ಅದಕ್ಕಿಂತ ಮುಖ್ಯ, ಏಕೆಂದರೆ ಆಮೇಲೆ ಅದನ್ನು ಬದಲಿಸಲಾಗದು. ಫೈಲ್ ವಿಷಯ ಇನ್ನೂ ಸರಳ: 16 ಬಿಟ್, 44.1 ಕಿಲೋಹರ್ಟ್ಜ್‌ನ ಲಾಸ್‌ಲೆಸ್ ಸಾಕು.

ಎರಡು ಸೋರ್ಸ್‌ಗಳನ್ನು ಹೋಲಿಸುವಾಗ ಮಟ್ಟ ಸರಿಗಟ್ಟದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಚೂರು ಜೋರಾದದ್ದೇ ‘ಹೆಚ್ಚು ಸ್ಪಷ್ಟ’ ಎನಿಸುತ್ತದೆ. ಸ್ಪ್ಲಿಟರ್ ಹಾಕಿ, ಮಾನಿಟರ್ ಸಿಕ್ಕಿಸಿದ ಸ್ಥಿತಿಯಲ್ಲೇ 200 ಹರ್ಟ್ಜ್ ಟೋನ್ ನುಡಿಸಿ, ಮಲ್ಟಿಮೀಟರ್‌ನಲ್ಲಿ ಎಸಿ ವೋಲ್ಟೇಜ್ ಅಳೆಯಿರಿ. ಎರಡರ ವ್ಯತ್ಯಾಸ ಶೇ. 2ರ ಒಳಗಿದ್ದರೆ 0.2 ಡೆಸಿಬೆಲ್ ಒಳಗೆ ಬಂದಂತೆ. ಸಂಖ್ಯೆ ಸ್ಥಿರವಾಗಿ ಓದಿಸುವಷ್ಟು ವಾಲ್ಯೂಮ್ ಏರಿಸಬೇಕಾಗುತ್ತದೆ, ಆಗ ಮಾನಿಟರ್ ಕಿವಿಯಲ್ಲಿ ಇರಬಾರದು.

ಬೇರೆ ಸ್ವರ ಬೇಕಿದ್ದರೆ ಹೊಸ ಡಾಂಗಲ್‌ಗಿಂತ ಈಕ್ವಲೈಜರ್, ಅಂದರೆ ಬೇಕಾದ ಫ್ರೀಕ್ವೆನ್ಸಿಗಳನ್ನು ಏರಿಸಿ ಇಳಿಸುವ ಸಾಫ್ಟ್‌ವೇರ್, ಒಳ್ಳೆಯ ದಾರಿ. ವಿಂಡೋಸ್‌ನಲ್ಲಿ ಈಕ್ವಲೈಜರ್ ಎಪಿಒ, ಆಂಡ್ರಾಯ್ಡ್‌ನಲ್ಲಿ ವೇವ್‌ಲೆಟ್‌ನಂಥವು ಇವೆ. 60 ಹರ್ಟ್ಜ್‌ನಲ್ಲಿ 6 ಡೆಸಿಬೆಲ್ ಏರಿಸಿದರೆ ಪ್ರೀಆಂಪ್ (ಒಟ್ಟು ಮಟ್ಟದ) ಅಂಕಿಯನ್ನು ಮೈನಸ್ 6ಕ್ಕೆ ಇಳಿಸಿ, ಇಲ್ಲದಿದ್ದರೆ ಜೋರು ಭಾಗಗಳು ಕ್ಲಿಪ್ ಆಗುತ್ತವೆ, ಅಂದರೆ ಮಿತಿ ಮೀರಿ ಒಡೆಯುತ್ತವೆ.

ವಾಲ್ಯೂಮ್ ಬಗ್ಗೆ ಎರಡೇ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಂತೆ ವಯಸ್ಕರಿಗೆ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಸಮಯ ಅರ್ಧ, 86ಕ್ಕೆ 10 ಗಂಟೆ ಮಾತ್ರ.

ಕೆಟ್ಟಾಗ

ಒಂದು ಕಡೆ ಸದ್ದು ಇಳಿದರೆ ಮೊದಲು ಕೇಬಲ್ಲಿನ ಎಡಬಲ ತುದಿಗಳನ್ನು ಅದಲುಬದಲು ಮಾಡಿ. ತೊಂದರೆ ಇನ್ನೊಂದು ಮಾನಿಟರಿಗೆ ಹೋದರೆ ತಪ್ಪು ಕೇಬಲ್ಲಿನದು ಅಥವಾ ಸೋರ್ಸ್‌ನದು. ಅದೇ ಮಾನಿಟರಿನಲ್ಲಿ ಉಳಿದರೆ ಮೂತಿಯ ಜಾಲರಿ ನೋಡಿ. ಮುಕ್ಕಾಲು ಪಾಲು ಸಲ ಅಲ್ಲಿ ಗುಗ್ಗೆ ಕೂತಿರುತ್ತದೆ ಎಂದರೆ ಉತ್ಪ್ರೇಕ್ಷೆಯಾದೀತು, ಆದರೆ ಮೊದಲ ಅನುಮಾನ ಅದರ ಮೇಲೇ ಇರಲಿ. ಮೂತಿಯನ್ನು ಕೆಳಮುಖವಾಗಿ ಹಿಡಿದು ಒಣ ಮೆದು ಬ್ರಷ್‌ನಿಂದ ಉಜ್ಜಿ. ಪಿನ್ನಿನಿಂದ ಚುಚ್ಚಿದರೆ ಕಸ ಒಳಗೆ ಹೋಗುತ್ತದೆ, ದ್ರವ ಹಾಕಿದರೆ ಡ್ರೈವರ್‌ವರೆಗೂ ಇಳಿಯುತ್ತದೆ. ಹಾಕಿಕೊಳ್ಳುವಾಗ ‘ಚಟ್’ ಎಂಬ ಸದ್ದು ಬಂದರೆ ಒತ್ತಡಕ್ಕೆ ಡಯಾಫ್ರಮ್ ಬಾಗುತ್ತಿದೆ. ಮೆಲ್ಲಗೆ ಹಾಕಿಕೊಳ್ಳಿ, ಗಾಳಿರಂಧ್ರದ ಮೇಲೆ ಬೆರಳು ಇಡಬೇಡಿ.

0.78 ಮಿಲಿಮೀಟರ್ ಎರಡು ಪಿನ್ನಿನ ಕೇಬಲನ್ನು ಒಂದು ಬದಿಯಲ್ಲಿ ತಿರುವುಮುರುವು ಸಿಕ್ಕಿಸಿದರೆ ಪೊಲಾರಿಟಿ ತಲೆಕೆಳಗಾಗುತ್ತದೆ: ಗಾಯಕರ ದನಿ ನಡುವೆ ನಿಲ್ಲದೆ ಚದುರುತ್ತದೆ, ಬೇಸ್ ಟೊಳ್ಳಾಗುತ್ತದೆ. ಆ ಬದಿಯ ಪಿನ್ ತೆಗೆದು ತಿರುಗಿಸಿ ಹಾಕಿದರೆ ಸರಿ. ಮೈಕ್ ಇರುವ ಕೇಬಲ್ಲಿನಲ್ಲಿ ದನಿ ಮಾಯವಾಗಿ ಹಿನ್ನೆಲೆ ವಾದ್ಯಗಳಷ್ಟೇ ಉಳಿದರೆ ಜ್ಯಾಕ್‌ನ ಮೈಕ್ ಮತ್ತು ಗ್ರೌಂಡ್ ಜಾಗ ಹೊಂದಿಲ್ಲ ಎಂದರ್ಥ. ಕೇಬಲ್ಲಿನ ಬಟನ್ ಒತ್ತಿ ಹಿಡಿದಾಗ ದನಿ ಮರಳಿದರೆ ಅನುಮಾನ ಖಚಿತ, ಮೈಕ್ ಇಲ್ಲದ ಕೇಬಲ್ ಹಾಕಿಕೊಳ್ಳಿ. ಎಂಎಂಸಿಎಕ್ಸ್ ಎಂಬ, ಸಿಕ್ಕಿಸಿದ ಮೇಲೂ ತಿರುಗುವ ದುಂಡು ಕನೆಕ್ಟರ್ ತಿರುಗಿದಾಗಲೆಲ್ಲ ಸದ್ದು ಕತ್ತರಿಸಿದರೆ ಒಳಗಿನ ಉಂಗುರ ಸಡಿಲಾಗಿದೆ. ಕೇಬಲ್ ಬದಲಿಸಿದ ಮೇಲೂ ಹಾಗೇ ಇದ್ದರೆ ಮಾನಿಟರಿನ ಕಡೆಯ ಸಾಕೆಟ್ಟನ್ನೇ ಬದಲಿಸಬೇಕಾಗುತ್ತದೆ.